ಗೋಡೆ ದಾಟದ ನೆರಳು

ಶಿಲುಬೆ ಇನ್ನೂ ಗಾಜಿನೊಳಗೇ ಇದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಕೊನೆಗೆ ಶಿಲುಬೆ ಗೋಪುರಕ್ಕೆ ಏರಿತು, ಎಲ್ಲರೂ ಒಂದಾದರು ಅನ್ನುವುದನ್ನು ಕೇಳಲು ಕೆಲವರು ಕಾದು ಕೂರುತ್ತಾರೆ. ಹಾಗೇನೂ ಆಗಲಿಲ್ಲ. ಮ್ಯೂಸಿಯಮ್ಮಿನವರು ಒಮ್ಮೆ ಒಳಗಿಟ್ಟದ್ದನ್ನು ಹೊರಗೆ ತೆಗೆದದ್ದು ನಮ್ಮ ಮರುಭೂಮಿಯ ಯಾವ ಊರಿನಲ್ಲೂ ನಡೆದಿಲ್ಲ.

ನಮ್ಮೂರಲ್ಲಿ ಚರ್ಚಿಲ್ಲ, ಚರ್ಚಿನ ನೆರಳಿದೆ. ಚರ್ಚಿರುವುದು ಎರಡು ಊರು ದಾಟಿ ಆಚೆ, ನಾವು ಗೋಪುರದೂರು ಎಂದು ಕರೆಯುವಲ್ಲಿ. ಅದರ ನೆರಳು ಬೀಳುವುದು ಇಲ್ಲಿ. ಊರ ನಡುವಿನ ಖಾಲಿ ಬಯಲಿನಿಂದ ಬೆಳಗಾದೊಡನೆ ಅದು ಪಡುವಣಕ್ಕೆ ಚಾಚಿ ಮಲಗುತ್ತದೆ, ಮಧ್ಯಾಹ್ನ ಮುದುರಿಕೊಳ್ಳುತ್ತದೆ, ಇಳಿಹೊತ್ತಿಗೆ ಮೂಡಣಕ್ಕೆ ಹೊರಳುತ್ತದೆ. ಊರೂ ಅದರ ಜೊತೆ ಹೊರಳುತ್ತದೆ. ಶಾಲೆಯ ಮಕ್ಕಳು ಪಾಠದ ನಡುವೆಯೇ ಚಾಪೆ ಎತ್ತಿಕೊಂಡು ಸರಿಯುತ್ತಾರೆ. ದರ್ಜಿ ತನ್ನ ಹೊಲಿಗೆ ಯಂತ್ರಕ್ಕೆ ಗಾಲಿ ಹಾಕಿಸಿಕೊಂಡಿದ್ದಾನೆ. ಗೋಪುರದ ಬುಡದ ದಪ್ಪ ನೆರಳು ಬಾಣಂತಿಯರಿಗೆ ಮೀಸಲು. ಮಾತು ಬಿಟ್ಟ ಅತ್ತೆ ಸೊಸೆಯರು ಬೆಳಗ್ಗೆ ನೆರಳಿನ ಎರಡು ಅಂಚಿನಲ್ಲಿ ಕೂತಿರುತ್ತಾರೆ. ಮಧ್ಯಾಹ್ನ ಅದು ಕಿರಿದಾದಾಗ ಬೇರೆ ದಾರಿಯಿಲ್ಲದೆ ಮೈಗೆ ಮೈ ತಾಗಿಸಿ ಕೂರಬೇಕು, ಸಂಜೆಯ ಹೊತ್ತಿಗೆ ಮಾತು ಶುರುವಾಗಿರುತ್ತದೆ. ಭಾನುವಾರ ಫಾದರ್ ಬಂದು ಆ ನೆರಳಿನಲ್ಲೇ ಪೂಜೆ ಅರ್ಪಿಸುತ್ತಾರೆ. ಚರ್ಚು ಕಟ್ಟಿಕೊಡಿ ಎಂದು ನಮ್ಮ ಹಿರಿಯರು ಬಿಷಪ್ಪರ ಹತ್ತಿರ ಹೋದಾಗ, ಒಂದು ಚರ್ಚು ಇರುವಾಗ ಇನ್ನೊಂದು ಯಾಕೆ ಎಂದು ಅವರು ನಕ್ಕು ಕಳಿಸಿದರಂತೆ.

ಸತ್ತವರಿಗೆ ಜಾಗ ತೋರಿಸುವುದೂ ಈ ನೆರಳೇ. ಸತ್ತವರನ್ನು ಮನೆಯ ಪಡಸಾಲೆಯಲ್ಲಿ ಒಣ ಮರಳಿನ ಪೆಟ್ಟಿಗೆಯಲ್ಲಿ ಮಲಗಿಸಿ ಭಾನುವಾರದವರೆಗೆ ಕಾಯುತ್ತೇವೆ; ನಮ್ಮ ಹವೆಯಲ್ಲಿ ದೇಹ ಕೆಡುವುದಿಲ್ಲ. ಶನಿವಾರ ಸೂರ್ಯ ಗುಡ್ಡದ ಹೆಗಲಿಗೆ ಬಂದಾಗ ನೆರಳು ತೀರ ಉದ್ದವಾಗಿ, ಸ್ಮಶಾನದ ಗೋಡೆ ದಾಟಿ ಒಳಗೆ ಹೋಗುತ್ತದೆ. ಶಿಲುಬೆಯ ತುದಿ ಎಲ್ಲಿ ಬಿತ್ತೋ ಅಲ್ಲಿ ಚಿನ್ನಪ್ಪ ಗೂಟ ಹೊಡೆಯುತ್ತಾನೆ. ಸ್ಮಶಾನ ನೋಡಿಕೊಳ್ಳುವವನು ಅವನು, ಅವನ ಅಪ್ಪನೂ ಅದನ್ನೇ ಮಾಡುತ್ತಿದ್ದ. ಭಾನುವಾರ ಸಂಜೆ ಮಣ್ಣು ಮಾಡುವಾಗ ಮೊದಲ ಹಿಡಿ ಮರಳನ್ನು ಗಂಡ ಸತ್ತರೆ ಹೆಂಡತಿ, ಹೆಂಡತಿ ಸತ್ತರೆ ಗಂಡ ಹಾಕಬೇಕು. ಅಲ್ಲಿಯವರೆಗೆ ಉಳಿದವರು ಮರಳು ಮುಟ್ಟುವಂತಿಲ್ಲ. ನಮ್ಮಲ್ಲಿ ಬಡವರಿಗೊಂದು ಸಾಹುಕಾರರಿಗೊಂದು ಅಂತ ಬೇರೆ ಬೇರೆ ಸಾಲುಗಳಿಲ್ಲ. ಅದೊಂದು ವಿಷಯದಲ್ಲಿ ನನಗೆ ನಮ್ಮೂರಿನ ಮೇಲೆ ಹೆಮ್ಮೆಯಿತ್ತು.

ಹೋದ ವರ್ಷ ಒಂದು ಶನಿವಾರ ನೆರಳು ಗೋಡೆ ದಾಟಲಿಲ್ಲ. ಗೋಪುರದ ತಲೆ ಮೊಂಡಾಗಿತ್ತು, ಶಿಲುಬೆಯೇ ಇರಲಿಲ್ಲ. ಮೊಂಡು ತಲೆ ಗೋಡೆಯ ಇತ್ತ ಬಸ್‌ಸ್ಟ್ಯಾಂಡಿನಲ್ಲೇ ನಿಂತುಬಿಟ್ಟಿತು. ಅವತ್ತು ಗೂಟ ಬೀಳಬೇಕಿದ್ದದ್ದು ನಮ್ಮ ಶಾಲೆಯ ಹಳೆಯ ಹೆಡ್‌ಮಿಸ್ಟ್ರೆಸ್ ಮದಲೇನಮ್ಮನಿಗೆ. ಬೇರೆ ಊರಿನವರಾಗಿದ್ದರೆ ಏನೋ ಎಡವಟ್ಟಾಗಿದೆ ಎಂದು ಒಳಗೆ ಒಂದು ಜಾಗ ನೋಡಿಕೊಳ್ಳುತ್ತಿದ್ದರು. ನಮ್ಮವರು ಹಾಗಲ್ಲ. ನೆರಳು ತೋರಿಸಿದ್ದೇ ಜಾಗ ಎಂದು ಚಿನ್ನಪ್ಪ ಬಸ್ಸು ಹಿಂದಕ್ಕೆ ತಿರುಗಿಸುವ ಕಡೆ ಗೂಟ ಹೊಡೆದ, ಊರಿಗೂರೇ ತಲೆ ಆಡಿಸಿತು. ಊರಿನ ಅರ್ಧ ಜನಕ್ಕೆ ಅಕ್ಷರ ಕಲಿಸಿದವಳ ತಲೆದೆಸೆಯಲ್ಲಿ ಈಗ ಕಂಡಕ್ಟರು ನಿಂತು ರೈಟ್ ರೈಟ್ ಅನ್ನುತ್ತಾನೆ. ಆಮೇಲೆ ಇನ್ನೂ ಮೂವರು ಹೋದರು, ಒಬ್ಬನ ಗೋರಿಯ ಪಕ್ಕದಲ್ಲೇ ಚಹಾದಂಗಡಿಯ ಮುಸುರೆ ನೀರು ಹರಿಯುತ್ತದೆ. ಗೋಡೆ ಒಡೆದು ಈಚೆಗೆ ಕಟ್ಟಿ ಎಂದು ನಾನು ಸಭೆಯಲ್ಲಿ ಗಂಟಲು ಹರಿದುಕೊಂಡೆ. ಗೋಡೆಯನ್ನು ಬಿಷಪ್ಪರು ಮಂತ್ರಿಸಿದ್ದಾರೆ, ಬಸ್‌ಸ್ಟ್ಯಾಂಡು ಬಸ್ಸಿನವರದು, ಎರಡನ್ನೂ ಮುಟ್ಟುವ ಹಾಗಿಲ್ಲ ಎಂದರು. ಹೆಣವನ್ನು ಮಾತ್ರ ಎಲ್ಲಿ ಬೇಕಾದರೂ ಇಡಬಹುದು ಹಾಗಾದರೆ ಎಂದೆ.

ಶಿಲುಬೆ ಎಲ್ಲಿ ಹೋಯಿತೆಂದು ಸುದ್ದಿ ತಂದವನು ನನ್ನ ಗಂಡ ಚೌರಪ್ಪ. ಅವನು ನೀರಿನ ಟ್ಯಾಂಕರು ಓಡಿಸುತ್ತಿದ್ದ. ನಮ್ಮೂರಿನ ಬಾವಿಯಿಂದ ತುಂಬಿಕೊಂಡು ದಾರಿಯ ಊರುಗಳಿಗೆ ಹಂಚುತ್ತಾ ಕೊನೆಗೆ ಗೋಪುರದೂರಿಗೆ ಮುಟ್ಟಿಸಿ ಬರುವುದು ಅವನ ಜೀವಮಾನದ ಕೆಲಸ. ಗೋಪುರದೂರಿನವರು ಶಿಲುಬೆ ಇಳಿಸಿ ಚರ್ಚಿನ ಪಕ್ಕದ ಮ್ಯೂಸಿಯಮ್ಮಿನಲ್ಲಿ ಗಾಜು ಹಾಕಿ ಇಟ್ಟಿದ್ದಾರೆ, ಗಾಳಿಗೆ ಸವೆಯುತ್ತದಂತೆ ಎಂದು ಹೇಳಿದ. ನೀನು ಏನೂ ಅನ್ನಲಿಲ್ಲವೇ ಎಂದರೆ, ಕೇಳಿದೆ, ನೋಡೋಣ ಅಂದರು ಎಂದ. ಅವನ ಸ್ವಭಾವವೇ ಹಾಗೆ. ಊರಿನ ಪಾಲಿನ ಸಿಟ್ಟನ್ನೆಲ್ಲ ದೇವರು ನನ್ನೊಬ್ಬಳಿಗೇ ಕೊಟ್ಟು, ಅವನ ಪಾಲಿಗೆ ಬರೀ ನೀರು ಕೊಟ್ಟಿದ್ದ.

ನಾಲ್ಕು ಜನ ಬಸ್‌ಸ್ಟ್ಯಾಂಡಿಗೆ ಸೇರಿದ ಮೇಲೆ ಒಂದು ಬುಧವಾರ ಚೌರಪ್ಪ ಟ್ಯಾಂಕರು ತುಂಬಿಸಿ ತಂದು ಮನೆ ಮುಂದೆ ನಿಲ್ಲಿಸಿದ, ಕಾಲು ತೊಳೆಯಲು ಕಟ್ಟೆಯ ಮೇಲೆ ಕೂತ, ಏಳಲಿಲ್ಲ. ಮಗಳು ಲೂರ್ದು ಅಪ್ಪಾ ಎಂದು ಕೂಗಿದ್ದು ಕೇಳಿ ಹೊರಗೆ ಬಂದಾಗ ತಂಬಿಗೆ ಇನ್ನೂ ಅವನ ಕೈಯಲ್ಲೇ ಇತ್ತು. ಊರೆಲ್ಲ ಅತ್ತಿತು, ನನಗೆ ಮಾತ್ರ ಅಳು ಬರಲಿಲ್ಲ. ಅವನನ್ನು ಮರಳಿನಲ್ಲಿ ಮಲಗಿಸಿ ಕೈ ತೊಳೆಯುವಾಗ ನನ್ನ ತಲೆಯಲ್ಲಿದ್ದದ್ದು ಒಂದೇ: ಈ ಮನುಷ್ಯನನ್ನು ಬಸ್‌ಸ್ಟ್ಯಾಂಡಿನಲ್ಲಿ ಹೂಳಲು ನಾನು ಬಿಡುವುದಿಲ್ಲ.

ಶನಿವಾರ ಸಂಜೆಯೊಳಗೆ ಶಿಲುಬೆಯನ್ನು ಗೋಪುರಕ್ಕೆ ಏರಿಸುತ್ತೇನೆ ಎಂದು ಚಿನ್ನಪ್ಪನಿಗೆ ಹೇಳಿದೆ. ಅವನು, "ಹೋಗಾಕ ಆಗತೈತಿ ಇನ್ನಾಸವ್ವ, ಐತವಾರದೊಳಗ ತಿರುಗಿ ಬರಾಕ ಆಗಂಗಿಲ್ಲ. ಮೊದಲನೇ ಹಿಡಿ ಉಸುಕು ಯಾರು ಹಾಕಬೇಕು?" ಎಂದ. ಲೂರ್ದು ಹಾಕಲಿ ಎಂದೆ. ಮಗಳು ಹಾಕುವ ಪದ್ಧತಿ ಇಲ್ಲ ಎಂದು ತಲೆ ಅಲ್ಲಾಡಿಸಿದ. ಪದ್ಧತಿ ಪದ್ಧತಿ ಎಂದು ಮದಲೇನಮ್ಮನನ್ನು ಬಸ್ಸಿನ ಗಾಲಿಗೆ ಕೊಟ್ಟವನು ನನಗೆ ಪದ್ಧತಿ ಕಲಿಸಲು ಬಂದ ಎಂದು ಬಾಯಿಗೆ ಬಂದ ಹಾಗೆ ಬೈದೆ. ಆದರೆ ಅವನು ಹೇಳಿದ್ದು ನಿಜವಾಗಿತ್ತು. ಇಲ್ಲೇ ಇದ್ದರೆ ಗಂಡನ ಮೇಲೆ ಮರಳು ಹಾಕಬಹುದು, ಚಹಾದಂಗಡಿಯ ಮುಸುರೆಯ ಪಕ್ಕದಲ್ಲಿ. ಹೋದರೆ ಅವನು ಗೋಡೆಯ ಒಳಗೆ ಮಲಗಬಹುದು, ನಾನು ನೋಡುವುದಿಲ್ಲ. ಗುರುವಾರ ಬೆಳಕು ಹರಿಯುವ ಹೊತ್ತಿಗೆ ಟ್ಯಾಂಕರು ಹತ್ತಿದೆ.

ಓಡಿಸಿದವನು ಮೈದುನ ರಾಯಪ್ಪ. ನೀರು ಚೆಲ್ಲಿ ಹೋಗೋಣವೆಂದರೆ, ಖಾಲಿ ಟ್ಯಾಂಕರು ಗಾಳಿಗೆ ಹೊಯ್ದಾಡುತ್ತದೆ ಎಂದು ತುಂಬಿದ್ದನ್ನೇ ಹೊರಡಿಸಿದ. ರಾಯಪ್ಪ ಒಳ್ಳೆಯವನೇ, ಒಂದೇ ಒಂದು ಚಟ. ಮ್ಯೂಸಿಯಂ ಎಂದು ಬರೆದದ್ದು ಕಂಡರೆ ಅವನಿಗೆ ಬ್ರೇಕು ತಾನಾಗಿ ಬೀಳುತ್ತದೆ. ಒಳಗೆ ಹೋಗಿ ಪ್ರತಿಯೊಂದು ಚೀಟಿಯನ್ನೂ ಜೋರಾಗಿ ಓದುತ್ತಾನೆ, ಓದಿದ್ದನ್ನು ಆಮೇಲೆ ನನಗೂ ಹೇಳುತ್ತಾನೆ. ನಮ್ಮ ಮರುಭೂಮಿಯಲ್ಲಿ ನೀರಿಲ್ಲದ ಊರಿದೆ, ಮ್ಯೂಸಿಯಂ ಇಲ್ಲದ ಊರಿಲ್ಲ.

ಮೊದಲ ಊರು ತಲುಪಿದಾಗ ಹಾರ್ನು ಕೇಳಿ ಹೆಂಗಸರು ಕೊಡ ಹಿಡಿದು ಓಡಿ ಬಂದರು. ಸ್ಟೇರಿಂಗಿನ ಮುಂದೆ ಚೌರಪ್ಪನ ಬದಲು ರಾಯಪ್ಪನನ್ನು ಕಂಡು, ಅಣ್ಣನಿಗೆ ಹುಷಾರಿಲ್ಲವೇ ಎಂದು ಕೇಳಿದರು. ಸತ್ತ ಎಂದು ನಾನೇ ಹೇಳಬೇಕಾಯಿತು. ಒಬ್ಬಳು ಮುದುಕಿ ಕೊಡವನ್ನು ನೆಲಕ್ಕಿಟ್ಟು, ಬಂದಾಗಲೆಲ್ಲ ನನ್ನ ಮೊಣಕಾಲು ಹೇಗಿದೆ ಎಂದು ಕೇಳುತ್ತಿದ್ದನಲ್ಲ ಎಂದು ಸೆರಗಿನಿಂದ ಮುಖ ಮುಚ್ಚಿಕೊಂಡಳು. ನನ್ನ ಮೊಣಕಾಲನ್ನು ಅವನು ಒಂದು ದಿನ ಕೇಳಿದವನಲ್ಲ. ಅಂಥ ಹೊತ್ತಿನಲ್ಲೂ ನನಗೆ ಹೊಟ್ಟೆಕಿಚ್ಚಾಯಿತು.

ಆ ಊರಿನ ಚರ್ಚಿಗೆ ಬಾಗಿಲಿಲ್ಲ. ತೇಗದ ಕೆತ್ತನೆಯ ಹಳೆಯ ಬಾಗಿಲು ಎದುರಿನ ಮ್ಯೂಸಿಯಮ್ಮಿನ ಹಾಲಿನ ನಡುವೆ ಚೌಕಟ್ಟಿನ ಸಮೇತ ನಿಂತಿದೆ, ತೆರೆಯಬಾರದು ಎಂದು ಬರೆದಿದ್ದಾರೆ. ತೆರೆದರೂ ಆಚೆ ಇರುವುದು ಗೋಡೆ. ಚರ್ಚಿಗೆ ತಗಡು ಹೊಡೆದಿದ್ದಾರೆ, ಗಾಳಿ ಬಂದಾಗಲೆಲ್ಲ ಅದು ಬಡಿದುಕೊಳ್ಳುತ್ತದೆ. ಅಲ್ಲಿನ ಫಾದರಿಗೆ ಬಡಿತದ ನಡುವಿನ ಸಂದಿನಲ್ಲಿ ಒಂದೊಂದೇ ಸಾಲು ಹೇಳಿ ಅಭ್ಯಾಸವಾಗಿದೆ, ಜನಕ್ಕೂ ಅಷ್ಟಷ್ಟೇ ಕೇಳಿ ಅಭ್ಯಾಸವಾಗಿದೆ. ಬೇಜಾರಿಲ್ಲವೇ ಎಂದು ಮುದುಕಿಯನ್ನು ಕೇಳಿದೆ. ಬಾಗಿಲಾದರೂ ಚೆನ್ನಾಗಿರಲಿ ಬಿಡವ್ವ ಎಂದಳು. ಬಾಗಿಲು ಯಾರಿಗಾಗಿ ಚೆನ್ನಾಗಿರಬೇಕು? ಒಳಗೆ ಹೋಗುವವರಿಗೋ, ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವವರಿಗೋ? ಈ ಮಾತನ್ನು ಟ್ಯಾಂಕರಿನಲ್ಲಿ ಕೂತು ಬಹಳ ದೂರದವರೆಗೆ ಹೇಳುತ್ತಾ ಹೋದೆ. ಕೆತ್ತನೆ ಮಾತ್ರ ಭಾರಿ ಇತ್ತು ಎಂದ ರಾಯಪ್ಪ.

ಎರಡನೆಯ ಊರಿನಲ್ಲಿ ಚರ್ಚೇ ಮ್ಯೂಸಿಯಂ ಆಗಿದೆ. ಬೆಂಚುಗಳಿಗೆಲ್ಲ ಹಗ್ಗ ಕಟ್ಟಿದ್ದಾರೆ. ಪೂಜೆ ನಡೆಯುವುದು ಹೊರಗಿನ ಸೈಕಲ್ ಸ್ಟ್ಯಾಂಡಿನಲ್ಲಿ. ಫಾದರ್ ಒಳಗಿನಿಂದ ಬಟ್ಟಲು ತರಬೇಕೆಂದರೂ ಕೊರಳಿಗೆ ಪಾಸು ಹಾಕಿಕೊಳ್ಳಬೇಕು. ನಾವು ಹೋದಾಗ ಒಬ್ಬ ಮುದುಕ ಹಗ್ಗದ ಈಚೆ ಮೊಣಕಾಲೂರಿ ಜಪಮಣಿ ಹಿಡಿದು ಕೂತಿದ್ದ. ಕಾವಲಿನವನು ಬಂದು ನೋಡುವವರಿಗೆ ಅಡ್ಡ ಆಗುತ್ತದೆ, ಸ್ವಲ್ಪ ಸರಿಯಿರಿ ಎಂದ. ಮುದುಕ ಸರಿದ. ಆಮೇಲೆ ಇನ್ನೂ ಸ್ವಲ್ಪ ಎಂದ. ಮತ್ತೆ ಸರಿದ. ಹೀಗೆ ಕಂಬದ ಹಿಂದಕ್ಕೆ ಸರಿಸಿದ ಮೇಲೆ ಈಗ ಸರಿಯಾಯಿತು ಎಂದ. ನನ್ನ ಮೈ ಉರಿದುಹೋಯಿತು. ಅವರಪ್ಪನ ಮನೆ ಇದು, ಅವರು ಯಾಕೆ ಸರಿಯಬೇಕು ಎಂದು ಕಾವಲಿನವನ ಮೇಲೆ ಹರಿಹಾಯ್ದೆ. ಅವನು ಬೇಸರಪಡದೆ ನನ್ನನ್ನೂ ಸ್ವಲ್ಪ ಸರಿಯಲು ಹೇಳಿದ. ಮುದುಕನೇ ಕಂಬದ ಹಿಂದಿನಿಂದ, ಇಲ್ಲಿ ತಂಪಾಗಿದೆಯಮ್ಮಾ, ನನಗೆ ಒಗ್ಗಿಹೋಗಿದೆ ಎಂದ. ಇಡೀ ಪ್ರಯಾಣದಲ್ಲಿ ನನ್ನನ್ನು ಸುಟ್ಟದ್ದು ಬಿಸಿಲಲ್ಲ, ಈ ಒಗ್ಗಿಹೋಗಿದೆ ಅನ್ನುವ ಮಾತು.

ಶನಿವಾರ ಊಟದ ಹೊತ್ತಿಗೆ ಗೋಪುರದೂರು ಕಂಡಿತು. ನಾನು ಅದನ್ನು ಎಂದೂ ನೋಡಿರಲಿಲ್ಲ. ಹುಟ್ಟಿದಾಗಿನಿಂದ ಅದರ ನೆರಳಲ್ಲಿ ಬೆಳೆದವಳು, ನಾಮಕರಣ, ಮದುವೆ, ಹೆರಿಗೆ ಎಲ್ಲ ಅದರಡಿಯಲ್ಲೇ ಆದವಳು, ಎದುರಿಗೆ ನಿಂತು ನೋಡಿದರೆ ಗೋಪುರ ಬೆಳ್ಳಗೆ, ಪರಕೀಯವಾಗಿ, ಸುತ್ತಲೂ ಒಂದು ಅಂಗೈಯಗಲ ನೆರಳಿಲ್ಲದೆ ನಿಂತಿತ್ತು. ಅಲ್ಲಿನ ಜನ ಚರ್ಚಿಗೆ ಬರುವಾಗ ಕೊಡೆ ಹಿಡಿದು ಬರುತ್ತಾರೆ. ಗೋಡೆಗೆ ಒರಗಿ ನಿಂತವರೂ ಕೊಡೆಯ ಕೆಳಗೇ ನಿಂತಿದ್ದರು. ಟ್ಯಾಂಕರು ಕಂಡೊಡನೆ ಕೊಡಗಳ ಸಾಲು ಬೆಳೆಯಿತು. ನಲ್ಲಿ ತಿರುಗಿಸಕೂಡದು ಎಂದು ರಾಯಪ್ಪನಿಗೆ ಹೇಳಿದೆ. ಅಣ್ಣ ಒಂದು ದಿನ ಯಾರನ್ನೂ ಬರಿಗೊಡದಲ್ಲಿ ಕಳಿಸಿದವನಲ್ಲ ಎಂದು ಅವನು ಗೊಣಗಿದ. ಅದಕ್ಕೇ ಅವನ ಊರಿನ ಶಿಲುಬೆ ಇಳಿಸಿದರು ಎಂದೆ.

ಮ್ಯೂಸಿಯಮ್ಮಿನ ಒಳಗೆ ಎಸಿ ಇತ್ತು. ನಡುವೆ ಗಾಜಿನ ಪೆಟ್ಟಿಗೆ, ಒಳಗೆ ನೀಲಿ ಮಖಮಲ್ಲು, ಅದರ ಮೇಲೆ ನಮ್ಮ ಶಿಲುಬೆ. ನೆಲದ ಮೇಲೆ ಅಷ್ಟುದ್ದ ಬೀಳುತ್ತಿದ್ದದ್ದು ಇಷ್ಟೇ ಏನು ಅನಿಸಿತು. ತುಕ್ಕು ಹಿಡಿದ ಕಬ್ಬಿಣ, ಒಂದು ತೋಳು ಕೊಂಚ ಬಾಗಿದೆ. ರಾಯಪ್ಪ ಎಂದಿನಂತೆ ಚೀಟಿ ಓದಿ, ಎತ್ತರ ಇದ್ದ ಸಾಲಿಗೆ ಬಂದು ನಿಂತು, ಗಾಜನ್ನೊಮ್ಮೆ ನನ್ನನ್ನೊಮ್ಮೆ ನೋಡಿ, "ವೈನಿ, ಇದು ನಿಮ್ಮಷ್ಟ ಎತ್ತರ ಐತ್ರಿ" ಎಂದ. ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ನನ್ನ ಕಣ್ಣು ಬೇರೆ ಕಡೆ ಇತ್ತು. ಪೆಟ್ಟಿಗೆಯ ಮೂಲೆಯಲ್ಲಿ ಒಂದು ದೀಪ ಹಾಕಿದ್ದರು, ಆ ದೀಪಕ್ಕೆ ಶಿಲುಬೆಯ ನೆರಳು ಮಖಮಲ್ಲಿನ ಮೇಲೆ ಅಂಗೈಯುದ್ದ ಬಿದ್ದಿತ್ತು. ನಮ್ಮ ನಾಲ್ಕು ಜನರನ್ನು ಗೋಡೆಯ ಹೊರಗೆ ಮಾಡಿ, ಆ ನೆರಳನ್ನು ಇಲ್ಲಿ ಬಟ್ಟೆಯ ಮೇಲೆ ಹಾಸಿಟ್ಟಿದ್ದರು, ಯಾರ ಉಪಯೋಗಕ್ಕೂ ಇಲ್ಲದ ಹಾಗೆ.

ಮ್ಯೂಸಿಯಮ್ಮಿನ ಮುಖ್ಯಸ್ಥೆ ಹಿಲ್ಡಾ ಮೇಡಂ ಕೈಗೆ ಬಿಳಿ ಕೈಗವಸು ಹಾಕಿಕೊಂಡು ಬಂದರು. ಅಲ್ಲಿನ ಯಾವ ವಸ್ತುವನ್ನೂ ಅವರು ಬರಿಗೈಯಲ್ಲಿ ಮುಟ್ಟುವುದಿಲ್ಲವಂತೆ. ನನ್ನ ಮಾತನ್ನೆಲ್ಲ ಕೇಳಿದರು, ಕುರ್ಚಿ ಕೊಟ್ಟರು, ನಿಮ್ಮ ದುಃಖ ಅರ್ಥವಾಗುತ್ತದೆ ಎಂದರು. ಮಾತು ಬೆಣ್ಣೆ. ಶಿಲುಬೆ ಇನ್ನು ಗಾಳಿಗೆ ನಿಲ್ಲುವುದಿಲ್ಲ, ತಜ್ಞರು ಬಂದು ನೋಡಿದ್ದಾರೆ, ಅಂಥದೇ ಒಂದು ನಕಲು ಮಾಡಿಸಿ ಏರಿಸುವ ಆಲೋಚನೆ ನಡೆಯುತ್ತಿದೆ ಎಂದರು. ನಕಲನ್ನು ಗಾಜಿನೊಳಗಿಟ್ಟು ಅಸಲನ್ನು ಮೇಲಕ್ಕೆ ಏರಿಸಿ, ನೋಡಲು ಬಂದವರಿಗೆ ಏನು ಗೊತ್ತಾಗುತ್ತದೆ ಎಂದೆ. ಅವರಿಗೆ ಮೊದಲ ಸಲ ಸಿಟ್ಟು ಬಂತು. "ನಿಮ್ಮೂರಿನವರು ಇಷ್ಟು ವರ್ಷ ನಮ್ಮ ಚರ್ಚಿನ ನೆರಳಲ್ಲಿ ಕೂತರು. ನಾವು ನಮ್ಮ ಚರ್ಚಿನ ಗೋಡೆ ಪಕ್ಕದಲ್ಲೇ ಕೊಡೆ ಹಿಡ್ಕೊಂಡು ನಿಂತಿದ್ದೀವಿ. ಒಂದು ಸಲ ಸುಣ್ಣ ಹೊಡೆಯೋಕೆ ಯಾರಾದ್ರೂ ಬಂದ್ರಾ?" ಎಂದು ಕೇಳಿದರು.

"ನೀವು ಕುಡದ ನೀರು ಯಾವೂರ ಬಾವೀದು? ತಂದಾಂವ ಯಾರು? ಅಂವ ಈಗ ಉಸುಕಿನ್ಯಾಗ ಮಲಗಿ ಜಾಗಕ್ಕ ಕಾಯಾಕತ್ತಾನ" ಎಂದೆ. ಅವರು ಕಿಟಕಿಯಾಚೆ ಟ್ಯಾಂಕರಿನ ಕಡೆ ನೋಡಿದರು. ಚೌರಪ್ಪ ಹೋದರೇ ಎಂದು ಕೇಳಿದರು, ದನಿ ಸಣ್ಣದಾಗಿತ್ತು. ಆದರೂ ಪೆಟ್ಟಿಗೆ ತೆರೆಯುವುದು ತಮ್ಮ ಕೈಯಲ್ಲಿಲ್ಲ ಎಂದರು. ಯಾರ ಕೈಯಲ್ಲಿದೆಯೋ ಅವರ ಹೆಸರು ಮಾತ್ರ ಯಾವ ಊರಿನಲ್ಲೂ ಯಾರಿಗೂ ಗೊತ್ತಿರುವುದಿಲ್ಲ.

ಹೊರಗೆ ಬಂದು ಬಿಸಿಲಲ್ಲಿ ನಿಂತೆ. ಸೂರ್ಯ ಇಳಿಯುತ್ತಿದ್ದ. ಊರಲ್ಲಿ ಈಗ ಚಿನ್ನಪ್ಪ ಗೂಟ ಸುತ್ತಿಗೆ ಹಿಡಿದು ಬಸ್‌ಸ್ಟ್ಯಾಂಡಿಗೆ ಬಂದು ನಿಂತಿರುತ್ತಾನೆ. ಕೈಗೆ ಸಿಕ್ಕಿದ ಕಲ್ಲಿನಿಂದ ಗಾಜು ಒಡೆದುಬಿಡಲೇ ಎಂದೂ ಯೋಚಿಸಿದೆ, ನೆಲದಲ್ಲಿ ಬರೀ ಮರಳಿತ್ತು. ಆಗ ರಾಯಪ್ಪ ಕಾಣಲಿಲ್ಲ. ನೋಡಿದರೆ ಗೋಪುರದ ಕಿಂಡಿಯ ಮುಂದೆ ನಿಂತು ಟಿಕೆಟು ತೆಗೆಸುತ್ತಿದ್ದಾನೆ. ಗೋಪುರದ ತುದಿಗೆ ಹತ್ತಿ ಮರುಭೂಮಿ ನೋಡುವ ವ್ಯವಸ್ಥೆಯಂತೆ. ಅಣ್ಣನನ್ನು ಮರಳಿನಲ್ಲಿ ಮಲಗಿಸಿ ಬಂದವನು ದೃಶ್ಯ ನೋಡಲು ಹೊರಟ ಎಂದು ರೇಗಿ ಅವನ ಕುತ್ತಿಗೆ ಪಟ್ಟಿಗೆ ಕೈ ಹಾಕಿದೆ. ಅವನ ಕೈಯಲ್ಲಿ ಎರಡು ಟಿಕೆಟಿದ್ದವು. "ನಿಮ್ಮಷ್ಟ ಎತ್ತರ ಐತಿ ಅಂತ ಆಗಲೇ ಹೇಳಿದ್ನಲ್ರಿ ವೈನಿ" ಎಂದ.

ಆ ಮೆಟ್ಟಿಲು ಹೇಗೆ ಹತ್ತಿದೆನೋ ನನ್ನ ಮೊಣಕಾಲಿಗೇ ಗೊತ್ತು, ಅದನ್ನು ಕೇಳುವವನೂ ಇಲ್ಲ. ತುದಿಯಲ್ಲಿ ಸುತ್ತ ಕಂಬಿ ಹಾಕಿದ್ದರು, ನಡುವೆ ಶಿಲುಬೆ ನೆಟ್ಟಿದ್ದ ಕಲ್ಲಿನ ಗುಪ್ಪೆ, ಅದರ ಗುಳಿಗೆ ಸಿಮೆಂಟು ಮೆತ್ತಿದ್ದರು. ಅಷ್ಟು ಎತ್ತರದಲ್ಲೂ ಗಾಳಿ ಬಿಸಿಯಾಗಿತ್ತು. ರಾಯಪ್ಪ ಲೂರ್ದುವಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದ. ನಾನು ಅವನ ಹೆಗಲು ಹಿಡಿದು ಕಲ್ಲು ಹತ್ತಿ ನಿಂತು ಎರಡೂ ತೋಳು ಚಾಚಿದೆ. ಅವನು ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ನನ್ನ ಕಾಲು ಹಿಡಿದುಕೊಂಡ.

ಮೊದಲು ಅತ್ತ ಕಡೆ ಬರೀ ಗಲಾಟೆ. ಬಸ್‌ಸ್ಟ್ಯಾಂಡಿನಲ್ಲಿದ್ದ ಜನ ಎದ್ದು ಓಡಾಡುತ್ತಿದ್ದದ್ದು ಕೇಳಿಸಿತು. ಆಮೇಲೆ ಲೂರ್ದುವಿನ ದನಿ ಬಂತು. "ಅವ್ವಾ, ನೀ ಏನ? ಸೆರಗು ಹಾರಾಕತ್ತೈತಿ, ಬಿಗಿದು ಕಟ್ಟು. ಏನೂ ತಿಳಿವಲ್ದು ಇಲ್ಲಿ." ರಾಯಪ್ಪ ನನ್ನ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ. ಎಡಗೈ ಇಳಿದಿದೆ ಎಂದಳು, ಎತ್ತಿದೆ. ತಲೆ ನೆಟ್ಟಗೆ ಮಾಡು ಎಂದಳು, ಮಾಡಿದೆ. ಜೀವಮಾನವೆಲ್ಲ ಮಗಳಿಗೆ ನೆಟ್ಟಗೆ ನಿಲ್ಲು ಎಂದು ಬೈದವಳು ನಾನು. ಸೂರ್ಯ ಗುಡ್ಡದ ಹೆಗಲಿಗೆ ಬಂದ. ಅವಳ ಉಸಿರು ಫೋನಿನಲ್ಲಿ ಕೇಳುತ್ತಿತ್ತು. "ಗ್ವಾಡಿ ಏರಾಕತ್ತೀ ಅವ್ವಾ" ಎಂದಳು. ಸ್ವಲ್ಪ ಹೊತ್ತಿಗೆ, "ಒಳಗ ಬಂದಿ" ಎಂದಳು.

ಸುತ್ತಿಗೆಯ ಸದ್ದು ಬರಲಿಲ್ಲ. ಅಲ್ಲಿ ವಾದ ಎದ್ದಿತ್ತು. ಇದು ಶಿಲುಬೆಯ ನೆರಳಲ್ಲ, ಹೆಂಗಸಿನ ನೆರಳು, ಇದು ಲೆಕ್ಕಕ್ಕೆ ಬರುವುದಿಲ್ಲ ಎಂದು ಯಾರೋ ಹೇಳುತ್ತಿದ್ದರು. ನಾನು ಚಾಚಿದ ತೋಳು ಇಳಿಸಲಿಲ್ಲ. ಕೆಳಗೆ ಕಾವಲಿನವನು ಸೀಟಿ ಊದಿದ, ಕೊಡೆ ಹಿಡಿದವರೆಲ್ಲ ಕೊಡೆ ಸರಿಸಿ ಮೇಲೆ ನೋಡಿದರು. ಹಿಲ್ಡಾ ಮೇಡಂ ಏದುಸಿರು ಬಿಡುತ್ತಾ ಮೇಲೆ ಬಂದು, ಕಲ್ಲಿನ ಮೇಲೆ ಹತ್ತುವಂತಿಲ್ಲ, ಅದು ಬಹಳ ಹಳೆಯದು, ಇಳಿಯಿರಿ ಎಂದರು. "ನನ್ನೂ ಗಾಜಿನ್ಯಾಗ ಇಡವಾ. ಹೊತ್ತು ಮುಣುಗಲಿ, ಅಲ್ಲೀತನಕ ತಡಿ" ಎಂದೆ. ಆಗ ಫೋನಿನಲ್ಲಿ ಚಿನ್ನಪ್ಪನ ದನಿ ಕೇಳಿಸಿತು. ಅವನು ವಾದ ಮಾಡುವವರಿಗೆ ಹೇಳುತ್ತಿದ್ದ. "ನೆರಳು ತೋರ್ಸಿದ್ದ ಜಾಗ. ನೆರಳು ಯಾರದು ಅಂತ ನಮ್ಮಪ್ಪ ಎಂದೂ ಕೇಳಿಲ್ಲ, ನಾನೂ ಕೇಳಂಗಿಲ್ಲ." ಸುತ್ತಿಗೆ ಬಿತ್ತು. ನಾಲ್ಕು ಜನರನ್ನು ಬಸ್‌ಸ್ಟ್ಯಾಂಡಿಗೆ ಹಾಕಿದ ಅದೇ ಮೊಂಡುತನ ನನ್ನ ಗಂಡನನ್ನು ಗೋಡೆಯ ಒಳಗೆ ತಂದಿತು. ಅದಕ್ಕೆ ಚಿನ್ನಪ್ಪನನ್ನು ಹೊಗಳಲು ನನಗೆ ಇವತ್ತಿಗೂ ಮನಸ್ಸು ಬರುವುದಿಲ್ಲ.

ಭಾನುವಾರ ಊರಿಗೆ ಹೊರಡಬೇಕಿತ್ತು. ಮಣ್ಣಿಗೆ ಮುಟ್ಟದಿದ್ದರೂ ಹೊರಡೋಣ ಎಂದು ರಾಯಪ್ಪ ಇಂಜಿನ್ನು ಶುರು ಮಾಡಿದ. ಆದರೆ ಲೂರ್ದು ಫೋನು ಮಾಡಿ, ಫಾದರ್ ಬಂದಿದ್ದಾರೆ, ಸಂಜೆ ಮಣ್ಣು ಮಾಡುತ್ತಾರೆ, ಮೊದಲ ಹಿಡಿ ಹಾಕುವವರಿಲ್ಲ ಎಂದು ಚಿನ್ನಪ್ಪ ಪೇಚಾಡುತ್ತಿದ್ದಾನೆ ಎಂದಳು. ನಾನು ಕ್ಯಾಬಿನ್ನಿನಿಂದ ಇಳಿದೆ. ಮತ್ತೊಮ್ಮೆ ಗೋಪುರ ಹತ್ತಬೇಕು ಎಂದೆ. ಗೋಪುರಕ್ಕೆ ಬೀಗ ಬಿದ್ದಿತ್ತು. ಭಾನುವಾರ ಮ್ಯೂಸಿಯಮ್ಮಿಗೆ ರಜೆಯಂತೆ. ಚರ್ಚಿನ ಗೋಪುರಕ್ಕೆ ಭಾನುವಾರ ರಜೆ! ಹಿಂದಿನ ದಿನದಿಂದ ಕಾದಿದ್ದ ಕೊಡಗಳ ಸಾಲಿನ ಮುಂದೆ ಹೋಗಿ ನಿಂತೆ. ಮೇಲಿನ ಬೀಗ ತೆಗೆದರೆ ಈ ನಲ್ಲಿ ತೆಗೆಯುತ್ತೇನೆ, ಇಲ್ಲವಾದರೆ ನೀರು ಹೀಗೇ ವಾಪಸ್ಸು ಹೋಗುತ್ತದೆ ಎಂದೆ. ಚೌರಪ್ಪ ಕೇಳಿದ್ದರೆ ತಲೆ ತಗ್ಗಿಸುತ್ತಿದ್ದ. ಅವನು ಕೇಳುವಂತಿರಲಿಲ್ಲ.

ಸಾಲಿನಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು. ಅವರಲ್ಲಿ ಒಬ್ಬಳು ಗಟ್ಟಿಗಿತ್ತಿ ಕೊಡವನ್ನು ಅಲ್ಲೇ ಇಟ್ಟು, ಕೊಡೆ ಬಿಚ್ಚಿ ಹಿಲ್ಡಾ ಮೇಡಮ್ಮಿನ ಮನೆ ಕಡೆ ನಡೆದಳು. ಉಳಿದವರು ಹಿಂದೆ ನಡೆದರು. ಮೇಡಂ ಮನೆಯ ಸೀರೆಯಲ್ಲೇ ಬಂದರು, ಕೈಯಲ್ಲಿ ಬೀಗದ ಗೊಂಚಲು. ರಾಯಪ್ಪ ನಲ್ಲಿಯ ಹತ್ತಿರ ನಿಲ್ಲಬೇಕಾಯಿತು, ಆದ್ದರಿಂದ ಮೆಟ್ಟಿಲು ಹತ್ತಿದ್ದು ನಾವಿಬ್ಬರೇ. ಮೇಲೆ ಹೋಗಿ ನಾನು ಕಲ್ಲು ಹತ್ತಲು ತಡಕಾಡುವಾಗ ಅವರು ನನ್ನ ಕೈಯಿಂದ ಫೋನು ಇಸಿದುಕೊಂಡರು. ಆಮೇಲೆ ಬಗ್ಗಿ ನನ್ನ ಕಾಲನ್ನು ಗಟ್ಟಿಯಾಗಿ ಹಿಡಿದುಕೊಂಡರು. ಕೈಗವಸು ಹಾಕಿರಲಿಲ್ಲ, ಅಂಗೈ ಬೆವತಿತ್ತು.

ಫೋನಿನಲ್ಲಿ ಪ್ರಾರ್ಥನೆ ನಡೆಯುತ್ತಿತ್ತು. ಪೆಟ್ಟಿಗೆ ಇಳಿಸಿದ ಹಗ್ಗದ ಸದ್ದು ಬಂತು. ಹೊತ್ತು ಗುಡ್ಡದ ಹೆಗಲಿಗೆ ಇಳಿಯಿತು. ಲೂರ್ದು ಅಳುತ್ತಿದ್ದಳು, ಅಳುವಿನ ನಡುವೆಯೇ, "ಅವ್ವಾ, ನೀ ಅಪ್ಪನ ಮ್ಯಾಗ ಬಂದಿ" ಎಂದಳು. ಬೈಯುವುದಕ್ಕೆ ನನ್ನಲ್ಲಿ ಏನೂ ಉಳಿದಿರಲಿಲ್ಲ. ಅಷ್ಟು ದೂರದಲ್ಲಿ, ನೋಡಲು ಕಾಣದ ಕಡೆ, ನಾನು ಅವನ ಮೇಲೆ ತೋಳು ಚಾಚಿ ಮಲಗಿದ್ದೆ. ನನಗೆ ಇಲ್ಲಿ ಕಾಣುತ್ತಿದ್ದದ್ದು ಬರೀ ಮರಳು, ಕೆಳಗೆ ಕೊಡ ತುಂಬಿಸಿಕೊಂಡು ಹೋಗುತ್ತಿರುವ ಹೆಂಗಸರು.

ಫಾದರ್ ಮಾತು ನಿಲ್ಲಿಸಿದರು. ಎಲ್ಲರೂ ಯಾತಕ್ಕೆ ಕಾಯುತ್ತಿದ್ದಾರೆಂದು ನನಗೆ ಗೊತ್ತಿತ್ತು. ಬಲಗೈಯನ್ನು ನಿಧಾನವಾಗಿ ಮಡಚಿ ಎದೆಯ ಹತ್ತಿರ ತಂದೆ, ಮುಷ್ಟಿ ಕಟ್ಟಿದೆ, ಮುಂದಕ್ಕೆ ಚಾಚಿ ಬಿಚ್ಚಿದೆ. ಬಿಚ್ಚಿದ ಕೈಯನ್ನು ಹಾಗೇ ಹಿಡಿದುಕೊಂಡೆ. ಕಾಲು ಹಿಡಿದಿದ್ದ ಕೈ ಇನ್ನೂ ಬಿಗಿಯಾಯಿತು.

ಬಹಳ ಹೊತ್ತಾದ ಮೇಲೆ ಚಿನ್ನಪ್ಪ ಫೋನಿನ ಹತ್ತಿರ ಬಂದ.

"ಬಿತ್ತು, ಇನ್ನಾಸವ್ವ" ಎಂದ.

ಆಗ ನನಗೆ ಅಳು ಬಂತು. ಅಳುತ್ತಲೇ, ಇನ್ನು ಉಳಿದವರು ಹಾಕಬಹುದು ಎಂದು ಹೇಳಿದೆ.